ತಕ್ಕಡಿ ಇರುವ ಕೋಣೆಯಲ್ಲಿ ಮಾತಾಡಬಾರದು

ಚಾಚಾ ತೀರಿಕೊಂಡ ಸುದ್ದಿ ಬಂದಾಗ ನಾನು ಅವರ ದನಿಯಲ್ಲೇ ಮಾತಾಡುತ್ತಿದ್ದೆ. ಸ್ವೀಡನ್ನಿನ ಟ್ರೋಲ್‌ಹೆಟ್ಟನ್‌ನಲ್ಲಿ ನಮ್ಮ ಎಂಜಿನ್ ಕಾರ್ಖಾನೆಯ ಊಟದ ಕೋಣೆ. ಬೆಂಗಳೂರಿನಿಂದ ಹೊಸದಾಗಿ ಬಂದ ಇಬ್ಬರು ಹುಡುಗರು ಎದುರಿಗೆ ಕೂತಿದ್ದರು. ನಾನು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಏನಪ್ಪಾ ಹೀರೋ, ಇದು ಹತ್ತು ಮೈಕ್ರಾನ್ ಜಾಸ್ತಿ ಇದೆ. ತಗೊಂಡ್ಹೋಗಿ ನಿಮ್ಮಪ್ಪನ ಮನೆ ಬಾಗಿಲಿಗೆ ಹಾಕ್ಕೋ" ಎಂದೆ. ಹುಡುಗರು ನಕ್ಕರು. ಮೇಜಿನ ಮೇಲೆ ಫೋನ್ ಗುರುಗುಟ್ಟಿತು. ಸ್ಯಾಂಡ್‌ವಿಕೆನ್‌ನಿಂದ ಚಾಚಾರ ಮಗಳು ಒಂದೇ ಒಂದು ಸಾಲು ಬರೆದಿದ್ದಳು. ಓದಿದೆ. ಕನ್ನಡಕ ಇನ್ನೂ ಮೂಗಿನ ತುದಿಯಲ್ಲೇ ಇತ್ತು. ಹುಡುಗರಲ್ಲೊಬ್ಬ, "ಇನ್ನೊಂದ್ಸಲ ಮಾಡಿ ಬ್ರೋ" ಎಂದ.

ಮಾಡಿದೆ. ನಾನು ಅಂಥವನು.

ಅವರ ಹೆಸರು ಇಲ್ಲಿ ಬೇಡ, ಚಾಚಾ ಸಾಕು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದು, ಸ್ವೀಡನ್ನಿಗೆ ಬಂದು ನೆಲೆಸಿದವರು. ಕಾರ್ಖಾನೆಯಲ್ಲಿ ಅವರದು ಅಳತೆ ಕೋಣೆ. ಯಾವ ಬಿಡಿಭಾಗವೇ ಆಗಲಿ, ಅವರ ಮೇಜಿನ ಮೇಲೆ ಪಾಸಾದರೆ ಮಾತ್ರ ಎಂಜಿನ್ನಿಗೆ, ಇಲ್ಲದಿದ್ದರೆ ಗುಜರಿಗೆ. ಮನುಷ್ಯರನ್ನೂ ಅದೇ ಮೇಜಿನ ಮೇಲಿಟ್ಟು ನೋಡುತ್ತಿದ್ದರು. ಅವರ ಬಾಯಲ್ಲಿ 'ಸುಮಾರು' ಎಂಬ ಮಾತು ಬಂದದ್ದನ್ನು ನಾನು ಕೇಳಿಲ್ಲ. ನಾವು ಹೇಳಿದರೂ ಬಿಡುತ್ತಿರಲಿಲ್ಲ.

"ಎಷ್ಟು ಹೊತ್ತಿಗೆ ಬರ್ತೀಯಪ್ಪಾ?"

"ಸುಮಾರು ಆರಕ್ಕೆ ಚಾಚಾ."

"ಸುಮಾರು ಅಂದ್ರೆ? ಆರರ ಈ ಕಡೆಗಾ, ಆ ಕಡೆಗಾ?"

ಫೀಕಾ, ಅಂದರೆ ಕಾಫಿ ಬಿಡುವಿನ ಹೊತ್ತಿನಲ್ಲಿ ದಾಲ್ಚಿನ್ನಿ ಬನ್ನನ್ನು ಎರಡು ಹೋಳು ಮಾಡಿ ನನಗೊಂದು ಕೊಡುತ್ತಿದ್ದರು. ನಾನು ಎರಡನ್ನೂ ಕದ್ದು ಕ್ಯಾಂಟೀನಿನ ತಕ್ಕಡಿಯಲ್ಲಿಟ್ಟು ನೋಡಿದ್ದೇನೆ. ವ್ಯತ್ಯಾಸ ಒಂದು ಗ್ರಾಂ. ಆ ಒಂದು ಗ್ರಾಂ ಅವರ ಹೋಳಿನಲ್ಲಿ ಜಾಸ್ತಿ ಇತ್ತು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದೆ. "ನಮ್ಮನೇಲಿ ಚಮಚಗಳೂ ಪರೀಕ್ಷೆ ಪಾಸಾಗಿ ಬಂದಿರೋದು ಕಣಪ್ಪಾ" ಎಂದು ಚಾಚಿ, ಅಂದರೆ ಅವರ ಹೆಂಡತಿ, ನಗುತ್ತಿದ್ದರು. ಆ ಮನೆಯಲ್ಲಿ ನಗುತ್ತಿದ್ದುದು ಅವರೊಬ್ಬರೇ.

ನಾನು ಬಂದ ಹೊಸತರಲ್ಲಿ, ವಾಟ್ಸಾಪ್ ಇನ್ನೂ ಎಲ್ಲರ ಕೈಗೆ ಬರದಿದ್ದ ಕಾಲದಲ್ಲಿ, ಕನ್ನಡದವರೆಲ್ಲ ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತಿದ್ದೆವು. ಊಟದ ಮೇಲೆ ನನ್ನ ಮಿಮಿಕ್ರಿ. ಮ್ಯಾನೇಜರು, ಬಸ್ ಡ್ರೈವರು, ಪರ್ಸೋನ್‌ನುಮ್ಮರ್ ಎಂಬ ಗುರುತಿನ ಸಂಖ್ಯೆ ಕೇಳುವ ಕಚೇರಿಯ ಹೆಂಗಸು, ದಾವಣಗೆರೆಯ ನನ್ನಪ್ಪ, ಎಲ್ಲರೂ ನನ್ನ ಗಂಟಲಲ್ಲಿದ್ದರು. ಒಮ್ಮೆ ಚಾಚಾ ಎದುರಿಗೇ ಚಾಚಾರನ್ನು ಮಾಡಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಚಾಚಾ ನಗು ಮುಗಿಯುವವರೆಗೆ ಕಾದರು. ಆಮೇಲೆ, "ಎಲ್ಲರ ದನೀನೂ ಮಾಡ್ತೀಯಪ್ಪಾ. ನಿನ್ನ ದನಿ ಯಾವುದು? ಅದನ್ನ ಒಂದ್ಸಲ ಮಾಡು, ಕೇಳೋಣ" ಎಂದರು.

ಎಲ್ಲರೂ ನನ್ನನ್ನೇ ನೋಡಿದರು. ಬಾಯಿ ತೆರೆದೆ. ಬರೀ ಗಾಳಿ ಬಂತು. ಆಗ ಬಂದ ನಗು ಮೊದಲಿನದಕ್ಕಿಂತ ಜೋರಾಗಿತ್ತು.

"ರಿಜೆಕ್ಟ್" ಎಂದು ಚಾಚಾ ಮೊಸರನ್ನಕ್ಕೆ ಕೈ ಹಾಕಿದರು.

ಅದನ್ನು ನಾನು ಮರೆಯಲಿಲ್ಲ. ತಮಾಷೆ ಮಾಡುವವರಿಗೆ ತಮಾಷೆ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ.

ಇಂಥ ಮನುಷ್ಯನಿಗೆ ಬೇಟೆಯ ಹುಚ್ಚು ಹಿಡಿದದ್ದು ಊರಿಗೇ ಆಶ್ಚರ್ಯ. ಊರಾಚೆಯ ಕಾಡಿನಲ್ಲಿ ಎಂಟು ಜನರ ಒಂದು ಬೇಟೆ ತಂಡವಿತ್ತು. ಅದರ ಮುಖ್ಯಸ್ಥ ಬೆಂಗ್ಟ್ ಎಂಬ ನಿವೃತ್ತ ವೆಲ್ಡರ್. ಕಾರ್ಖಾನೆಯ ಹಳೆ ಪರಿಚಯದಲ್ಲಿ ಚಾಚಾರನ್ನು ಒಂದು ದಿನ ಕರೆದುಕೊಂಡು ಹೋಗಿದ್ದ. ಮೊದಲ ಮೂರು ವರ್ಷ ಕೈಗೆ ಕೋವಿಯಿಲ್ಲ. ಕಿತ್ತಳೆ ಬಣ್ಣದ ಟೋಪಿ ಹಾಕಿಕೊಂಡು, ಜೌಗಿನಲ್ಲಿ ನಡೆಯುತ್ತಾ, ಕೂಗಿ ಪ್ರಾಣಿಗಳನ್ನು ಎಬ್ಬಿಸುವ ಕೆಲಸ. ಏನು ಬೇಕಾದರೂ ಕೂಗು ಎಂದಿದ್ದರಂತೆ. ಚಾಚಾ ತಮ್ಮೂರ ಬಸ್ ಸ್ಟ್ಯಾಂಡಿನ ಏಜೆಂಟನ ಹಾಗೆ "ಶಿವ್ಮೊಗ್ಗ ಶಿವ್ಮೊಗ್ಗ ಶಿವ್ಮೊಗ್ಗಾ!" ಎಂದು ಕೂಗುತ್ತಿದ್ದರು. ಸ್ವೀಡನ್ನಿನ ಜಿಂಕೆಗಳು ಶಿವಮೊಗ್ಗದ ಹೆಸರು ಕೇಳಿ ಓಡುತ್ತಿದ್ದವು ಎಂಬುದು ನನ್ನ ಮಿಮಿಕ್ರಿಯ ಹೊಸ ಐಟಂ ಆಯಿತು.

ನಾಲ್ಕನೆಯ ವರ್ಷ ಬೇಟೆಗಾರರ ಪರೀಕ್ಷೆ ಪಾಸು ಮಾಡಿದರು. ಲೈಸೆನ್ಸ್ ಬಂತು, ಕೋವಿ ಬಂತು. ಅದಕ್ಕಿಂತ ದೊಡ್ಡದಾಗಿ ಒಂದು ಕೊಕ್ಕೆ ಬಂತು. ಕಾಡಿನ ಗುಡಿಸಲಿನಲ್ಲಿ ತಂಡದವರ ಕಾಫಿ ಕಪ್ಪು ತೂಗುಹಾಕಲು ಸಾಲಾಗಿ ಕೊಕ್ಕೆಗಳಿದ್ದವು. ಪ್ರತಿಯೊಂದರ ಕೆಳಗೆ ಮರದಲ್ಲಿ ಸುಟ್ಟು ಬರೆದ ಹೆಸರು. ಒಂಬತ್ತನೆಯ ಕೊಕ್ಕೆ ಚಾಚಾರದು. ಕಾರ್ಖಾನೆಯಲ್ಲಿ ಅವರ ಕೋಣೆಯ ಬಾಗಿಲ ಮೇಲಿನ ಹೆಸರು ಅಷ್ಟು ವರ್ಷ ತಪ್ಪಾಗಿಯೇ ಇತ್ತು, ತಿದ್ದಿಸಲು ಮೂರು ಸಲ ಅರ್ಜಿ ಕೊಟ್ಟು ಸುಮ್ಮನಾಗಿದ್ದರು. ಬೆಂಗ್ಟ್ ಮಾತ್ರ ಒಂದಕ್ಷರ ತಪ್ಪಿಲ್ಲದೆ ಸುಟ್ಟು ಬರೆದಿದ್ದ. ಆ ಕೊಕ್ಕೆಯ ಫೋಟೋ ತೆಗೆದು ನಮ್ಮೆಲ್ಲರಿಗೂ ತೋರಿಸಿದರು. ಮಗಳ ಪದವಿಯ ಫೋಟೋವನ್ನೂ ಅವರು ಹಾಗೆ ತೋರಿಸಿರಲಿಲ್ಲ.

ಅಂಗಡಿಯ ಕಾಡತೂಸು ಅವರಿಗೆ ಆಗದು. "ಹೋಟೆಲ್ ಸಾಂಬಾರ್ ಇದ್ದಂಗೆ. ಯಾರ ಕೈ ಬಿದ್ದಿರುತ್ತೋ" ಎನ್ನುತ್ತಿದ್ದರು. ತಾವೇ ತುಂಬಿಕೊಳ್ಳಲು ನೆಲಮಾಳಿಗೆಯಲ್ಲಿ ಒಂದು ಬೆಂಚು, ಒಂದು ಕೈ ಪ್ರೆಸ್ಸು, ಪುಟ್ಟ ಕಡ್ಡಿ ತಕ್ಕಡಿ, ಮದ್ದಿನ ಡಬ್ಬಿಗಳು, ಸಾಲಾಗಿ ನಿಂತ ಖಾಲಿ ಹಿತ್ತಾಳೆ ಕೇಸುಗಳು. ಒಮ್ಮೆ ನನಗೆ ಎಲ್ಲವನ್ನೂ ತೋರಿಸಿದರು.

"ಮದ್ದು ಅಂದ್ರೆ ಢಂ ಅನ್ನೋದಲ್ಲ ಕಣೋ, ಉರಿಯೋದು. ಒಂದು ಮದ್ದು ದಿಢೀರ್ ಅಂತ ಉರಿದು ಮುಗಿಯುತ್ತೆ, ನಿನ್ನ ಥರ. ಇನ್ನೊಂದು ನಳಿಗೆ ಉದ್ದಕ್ಕೂ ಗುಂಡನ್ನ ತಳ್ತಾ ಹೋಗುತ್ತೆ, ನಿಮ್ಮ ಚಾಚಿ ಥರ."

"ಗುಂಡು ಯಾವ ಥರ ಚಾಚಾ?"

"ಗುಂಡು ಅಣಬೆ ಥರ. ಜಿಂಕೆ ಒಳಗೆ ಹೋಗಿ ಅರಳಬೇಕು. ತೀರಾ ಮೆತ್ತಗಿದ್ದು ಸ್ಪೀಡ್ ಜಾಸ್ತಿ ಆಯ್ತು ಅನ್ಕೋ, ಮುಂಗಾಲಿನ ಮಾಂಸ ಎಲ್ಲಾ ರಕ್ತದ ಜೆಲ್ಲಿ. ತೀರಾ ಗಟ್ಟಿಯಿದ್ದು ಸ್ಪೀಡ್ ಕಮ್ಮಿ ಆಯ್ತೋ, ಅರಳೋದೇ ಇಲ್ಲ, ಸೂಜಿ ಥರ ಆ ಕಡೆ ಹೋಗ್ಬಿಡುತ್ತೆ. ಪ್ರಾಣಿ ಗಂಟೆಗಟ್ಲೆ ಒದ್ದಾಡುತ್ತೆ. ಅದು ಪಾಪ. ಮದ್ದು, ಗುಂಡು ಎರಡೂ ಜೋಡಿ ಸರಿ ಇದ್ರೆ ಶಬ್ದ ಕೇಳೋಕೆ ಮುಂಚೆ ಪ್ರಾಣ ಹೋಗಿರುತ್ತೆ."

ಆಮೇಲೆ ತಕ್ಕಡಿಯ ಮುಂದೆ ಕೂತು ಬೆರಳೆತ್ತಿದರು. "ಇನ್ನು ಮಾತಾಡಬೇಡ. ಉಸಿರಿಗೂ ಮುಳ್ಳು ಅಲ್ಲಾಡುತ್ತೆ. ತಕ್ಕಡಿ ಇರೋ ರೂಮಲ್ಲಿ ಮಾತಾಡಬಾರದು."

ಆ ಜೋಡಿ ಸರಿಯಾಗಿಯೇ ಇತ್ತು. ಮೊದಲ ಗಂಡುಜಿಂಕೆ ನಿಂತಲ್ಲೇ ಕುಸಿದು ಸತ್ತಿತು. ನಮ್ಮ ಮೇಕೆಯಷ್ಟು ಎತ್ತರದ ಪ್ರಾಣಿ ಅದು. ಬೆಂಗ್ಟ್ ಬೆನ್ನು ತಟ್ಟಿದ. ಚಾಚಾ ಒಂದು ತೊಡೆಯನ್ನು ಮನೆಗೆ ತಂದರು. ಚಾಚಿ ಅಡುಗೆಮನೆಯ ಬಾಗಿಲಲ್ಲೇ ತಡೆದರು.

"ಬಿಸ್ಮಿಲ್ಲಾ ಹೇಳೇ ಕೋವಿ ಹೊಡೆದಿದೀನಿ ಕಣೇ."

"ಸರಿ. ಹಲಾಲ್ ಮಾಡೋ ಚಾಕು ಬೀಳೋ ಹೊತ್ತಿಗೆ ಜೀವ ಇತ್ತಾ?"

"ಇರಲಿಲ್ಲ."

"ಹಾಗಿದ್ರೆ ದೊಡ್ಡವರನ್ನ ಕೇಳ್ಕೊಂಡು ಬನ್ನಿ. ಆಮೇಲೆ ಒಲೆ ಹಚ್ತೀನಿ."

ತೊಡೆ ಎರಡು ದಿನ ಬಾಲ್ಕನಿಯಲ್ಲಿದ್ದು ಬೆಂಗ್ಟ್‌ನ ಮನೆ ಸೇರಿತು. ಚಾಚಾ ನನ್ನ ಬಳಿ ಬಂದರು. ಗೋಥೆನ್‌ಬರ್ಗ್‌ನ ಮೌಲಾನಾ ಸಾಬರ ನಂಬರು ಇದೆಯೇ ಎಂದು ಕೇಳಿದರು.

ಮೌಲಾನಾ ಸಾಬರು ಬೀದರ್ ಕಡೆಯವರು. ಮಗನ ಮನೆಯಲ್ಲಿದ್ದುಕೊಂಡು, ಟ್ರ್ಯಾಮ್ ನಿಲ್ದಾಣದ ಪಕ್ಕದ ಒಂದು ಸಣ್ಣ ಹಾಲಿನಲ್ಲಿ ನಮಾಜು ಮಾಡಿಸುತ್ತಿದ್ದ ವೃದ್ಧರು. ಎರಡು ಮಾತಿಗೊಮ್ಮೆ ಕೆಮ್ಮು. ಚಳಿಗಾಲದ ಬೆಳಿಗ್ಗೆ ಹಳೇ ಸ್ಕೂಟರಿಗೆ ಕಿಕ್ ಹೊಡೆದ ಹಾಗೆ. ನಾನು ಅವರ ದನಿಯನ್ನು ನಮ್ಮ ಬ್ರಹ್ಮಚಾರಿಗಳ ರೂಮಿನಲ್ಲಿ ಮಾತ್ರ ಮಾಡುತ್ತಿದ್ದೆ, ಕೆಮ್ಮಿನ ಸಮೇತ. ಚಾಚಾಗೆ ಅದು ಗೊತ್ತಿರಲಿಲ್ಲ.

"ನಂಬರ್ ಯಾಕೆ ಚಾಚಾ, ಅವರಿಂದಲೇ ನಿಮಗೆ ಫೋನ್ ಮಾಡಿಸ್ತೀನಿ" ಎಂದೆ.

ಅದೇ ಶನಿವಾರ ನನ್ನ ರೂಮ್‌ಮೇಟ್ ಇಮ್ರಾನ್‌ನ ಹೊಸ ಸಿಮ್ಮಿನಿಂದ ಫೋನ್ ಮಾಡಿದೆ. ಇಮ್ರಾನ್ ದಿಂಬು ಕಚ್ಚಿಕೊಂಡು ಮಂಚದ ಮೇಲೆ ಮಗುಚಿಕೊಂಡಿದ್ದ. ಚಾಚಾ ಎದ್ದು ನಿಂತು ಮಾತಾಡುತ್ತಿದ್ದಾರೆಂಬುದು ದನಿಯಲ್ಲೇ ಗೊತ್ತಾಗುತ್ತಿತ್ತು. ಸಲಾಮು ಹೇಳಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

"ಹಂಗ ನಡಿಯೂದಿಲ್ಲ ಬೇಟಾ" ಎಂದೆ ನಾನು. "ಗುಂಡಿಗೆ ಸತ್ತದ್ದು ಸತ್ತಂಗ. ನೀ ನಡಕೋತ ಹೋಗಿ ಮುಟ್ಟೂತನಾ ಅದು ಕಣ್ಣ ಬಿಟ್ಕೊಂಡ ಇರಬೇಕು. ಕಣ್ಣಾಗ ಕಣ್ಣಿಟ್ಟು ಚಾಕು ಹಾಕಬೇಕು."

ಆ ಕಡೆ ಚಾಚಾ ಪೆನ್ನಿನ ಮುಚ್ಚಳ ತೆಗೆದ ಸದ್ದು. "ಎಷ್ಟು ಹೊತ್ತು ಜೀವ ಇರಬೇಕು ಮೌಲಾನಾ ಸಾಬ್?"

ಅಳತೆ ಕೇಳಿದರಲ್ಲ, ನನಗೆ ನಗು ತಡೆಯಲಾಗಲಿಲ್ಲ. "ನೂರು ಹೆಜ್ಜಿ" ಎಂದು ಫೋನ್ ಇಟ್ಟೆ. ಇಮ್ರಾನ್ ಮಂಚದಿಂದ ಕೆಳಗೆ ಬಿದ್ದ. ಕಿತ್ತಳೆ ಟೋಪಿ, ಕೈಯಲ್ಲಿ ಚಾಕು, ಜಿಂಕೆಯ ಹಿಂದೆ ಓಡುವ ಚಾಚಾ: ಅಂದು ಆ ನಾಟಕವನ್ನು ಮೂರು ಸಲ ಆಡಿದೆ. ಅವರು ನಿಜವಾಗಿ ಏನು ಮಾಡಬಹುದು ಎಂದು ನಾನು ಯೋಚಿಸಲಿಲ್ಲ.

ಅವರು ಲೆಕ್ಕ ಮಾಡಿದರು. ಇನ್ನೇನು ಮಾಡಿಯಾರು!

ಮುಂದಿನ ಜುಲೈ ತಿಂಗಳ ಒಂದು ಭಾನುವಾರ ಮಧ್ಯಾಹ್ನ ನನ್ನನ್ನು ನೆಲಮಾಳಿಗೆಗೆ ಕರೆದರು. ತಕ್ಕಡಿಯ ಮುಳ್ಳು ನೋಡಲು ಎಳೆಯ ಕಣ್ಣು ಬೇಕಿತ್ತು. ಬೆಂಚಿನ ಮೇಲೆ ಬೇರೆಯೇ ಮದ್ದಿನ ಡಬ್ಬಿ, ಬೇರೆಯೇ ಗುಂಡು. ಹಳೆಯದು ಸೀಸದ ಮೂತಿಯದು. ಇದು ಅಖಂಡ ತಾಮ್ರ, ಗಟ್ಟಿ.

"ಇದ್ಯಾಕೆ ಚಾಚಾ?"

"ಮೌಲಾನಾ ಸಾಬರು ಹೇಳಿದಾರೆ. ಪ್ರಾಣಿ ಬೀಳಬೇಕು, ಸಾಯಬಾರದು. ನೂರು ಹೆಜ್ಜೆ." ಒಂದು ಗುಂಡನ್ನು ಬೆಳಕಿಗೆ ಹಿಡಿದರು. "ಈ ತಾಮ್ರ ಅರಳೋಕೆ ಸ್ಪೀಡ್ ಬೇಕು. ಅದಕ್ಕೇ ಬೇರೆ ಮದ್ದು, ಸ್ಪೀಡ್ ಇಳಿಸ್ತೀನಿ. ಅರಳಲ್ಲ. ಕಾನೂನು ಕೇಳೋ ಶಕ್ತಿಗಿಂತ ಒಂದು ಕೂದಲಷ್ಟು ಮೇಲೆ ಇರುತ್ತೆ, ಗುಂಡೂ ಕಾಗದದಲ್ಲಿ ಅರಳೋ ಜಾತೀದೇ. ಯಾರೂ ತಪ್ಪು ಅನ್ನೋ ಹಾಗಿಲ್ಲ."

"ಒದ್ದಾಡುತ್ತೆ, ಪಾಪ ಅಂತ ನೀವೇ ಹೇಳಿದ್ರಿ."

"ಹೇಳಿದ್ದೆ." ಕನ್ನಡಕ ತೆಗೆದು ಒರೆಸಿಕೊಂಡರು. "ದೊಡ್ಡವರು ಹೇಳಿದ ಮೇಲೆ ನಮ್ಮದೇನಪ್ಪಾ?"

ಬಾಯಿ ತೆರೆದೆ. ಅವರು ತಕ್ಕಡಿಯ ಮುಂದೆ ಕೂತು ಬೆರಳೆತ್ತಿದರು. ಬಾಯಿ ಮುಚ್ಚಿದೆ. ಮೂರು ಭಾನುವಾರ ಹೋದೆ, ಮೂರು ಸಲವೂ ಆ ಬೆರಳು ಎದ್ದಿತು. ಬಹಳ ಕಾಲ ನಾನು ಆ ಬೆರಳಿನ ಹಿಂದೆ ಬಚ್ಚಿಟ್ಟುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಮೆಟ್ಟಿಲ ಮೇಲೆ ಬಾಯಿ ಬಿಡಬಹುದಿತ್ತು. ಚಹಾ ಕುಡಿಯುವಾಗ ಬಿಡಬಹುದಿತ್ತು. ಕಥೆ ಚೆನ್ನಾಗಿ ಬೆಳೆಯುತ್ತಿತ್ತು, ಕೊನೆ ನೋಡುವ ಆಸೆ.

ಆಗಸ್ಟ್ ಮಧ್ಯದಲ್ಲಿ ಗಂಡುಜಿಂಕೆಯ ಬೇಟೆ ಶುರು. ನೋಡಲು ನಾನೂ ಹೋದೆ. ಓಟ್ಸ್ ಹೊಲದ ಅಂಚಿನ ಅಟ್ಟಣೆಯ ಮೇಲೆ ಇಬ್ಬರೂ ಕೂತೆವು. ಬೆಳಗಿನ ಮಂಜು ಎದ್ದ ಮೇಲೆ ಕೆಂಚು ಬಣ್ಣದ ಒಂದು ಜಿಂಕೆ ಹೊರಗೆ ಬಂದು ನಮ್ಮ ಕಡೆಗೆ ಮಗ್ಗುಲಾಗಿ ನಿಂತಿತು. ಚಾಚಾರ ತುಟಿ ಅಲ್ಲಾಡಿತು. ಕೋವಿಯ ಸದ್ದು ನಾನು ಎಣಿಸಿದ್ದಕ್ಕಿಂತ ಸಣ್ಣದು. ಜಿಂಕೆ ಬೆನ್ನು ಕುಗ್ಗಿಸಿತು, ಮುಂಗಾಲೂರಿತು, ಮಗುಚಿತು. ಕಾಲು ಆಡುತ್ತಿತ್ತು.

ಚಾಚಾ ಕೋವಿಯನ್ನು ಅಟ್ಟಣೆಯಲ್ಲೇ ಬಿಟ್ಟು ಚಾಕು ಹಿಡಿದು ಇಳಿದರು. ಓಡಲಿಲ್ಲ. ಹೆಜ್ಜೆ ಎಣಿಸುತ್ತಾ ನಡೆದರು. ಹಿಂದೆ ಬರುತ್ತಿದ್ದ ನನಗೂ ಕೇಳುತ್ತಿತ್ತು: ಎಂಬತ್ತೊಂದು, ಎಂಬತ್ತೆರಡು.

ಅದು ಕಣ್ಣು ಬಿಟ್ಟುಕೊಂಡೇ ಇತ್ತು. ಲೆಕ್ಕ ಸರಿಯಾಗಿತ್ತು. ಚಾಚಾ ಮಂಡಿಯೂರಿ ಅದರ ತಲೆಗೆ ಕೈ ಹಾಕಿದರು. ಜಿಂಕೆ ಕಿರುಚಿತು. ಜಿಂಕೆ ಹಾಗೆ ಕಿರುಚುತ್ತದೆಂದು ನನಗೆ ಗೊತ್ತಿರಲಿಲ್ಲ. ಆ ದನಿಯನ್ನು ಮಾತ್ರ ನಾನು ಇವತ್ತಿಗೂ ಮಾಡಿಲ್ಲ. ಚಾಚಾರ ಕೈ ಸಡಿಲವಾಯಿತು, ಚಾಕು ಓಟ್ಸಿನಲ್ಲಿ ಬಿತ್ತು. ಜಿಂಕೆ ಹೇಗೋ ಎದ್ದು, ಹಿಂಗಾಲು ಎಳೆದುಕೊಂಡು ಮರಗಳ ನಡುವೆ ಹೋಯಿತು.

ಬೆಂಗ್ಟ್ ತನ್ನ ಕುಳ್ಳ ನಾಯಿಯನ್ನು ತಂದ. ಮೂರು ಗಂಟೆ ಹುಡುಕಿದೆವು. ನಡುವೆ ಎರಡು ಸಲ ದೂರದಲ್ಲಿ ಕಿರುಚಿದ್ದು ಕೇಳಿತು. ಕೊನೆಗೆ ಕೆರೆಯ ಅಂಚಿನಲ್ಲಿ, ಅರ್ಧ ನೀರಿನಲ್ಲಿ ಮಲಗಿತ್ತು. ಬೆಂಗ್ಟ್‌ನ ಒಂದು ಗುಂಡು ಅದನ್ನು ಮುಗಿಸಿತು.

ಗುಡಿಸಲಿನಲ್ಲಿ ಅವನು ಚರ್ಮ ಬಿಡಿಸಿ ಗಾಯದಲ್ಲಿ ಕಿರುಬೆರಳಿಟ್ಟು ನೋಡಿದ. ಪೆನ್ಸಿಲ್ ತೂರಿದಷ್ಟು ತೂತು, ಅಷ್ಟೇ. "ಏನು ಲೋಡ್ ಮಾಡಿದ್ದೆ?" ಎಂದು ಸ್ವೀಡಿಷ್‌ನಲ್ಲಿ ಕೇಳಿದ.

ಚಾಚಾ ಸುಳ್ಳು ಹೇಳಬಹುದಿತ್ತು. ಗುರಿ ತಪ್ಪಿತು ಎಂದರೆ ಮುಗಿಯುತ್ತಿತ್ತು, ಎಲ್ಲರಿಗೂ ತಪ್ಪುತ್ತದೆ. ಅವರು ಜೇಬಿನಿಂದ ನೋಟ್‌ಬುಕ್ ತೆಗೆದು ಮದ್ದಿನ ತೂಕ, ಗುಂಡು, ವೇಗ, ಎಲ್ಲವನ್ನೂ ಕ್ರಮವಾಗಿ ಓದಿದರು. ಕಾರಣವನ್ನೂ ಹೇಳಿದರು.

ಬೆಂಗ್ಟ್ ಎರಡನೆಯ ಸಲ ಕೇಳಿದ: "ಅದು ಸಾಯಬಾರದು ಅಂತ ಲೋಡ್ ಮಾಡಿದೆಯಾ?"

"ಹೌದು."

ಯಾರೂ ಕೂಗಾಡಲಿಲ್ಲ. ಕೂಗಾಡುವ ಜನ ಅಲ್ಲ ಅವರು. ಕಾಫಿ ಬಗ್ಗಿಸಿದರು, ಕುಡಿದರು. ಚಾಚಾ ತಮ್ಮ ಕಪ್ಪನ್ನು ತೊಳೆದು ಅಭ್ಯಾಸದಂತೆ ಒಂಬತ್ತನೆಯ ಕೊಕ್ಕೆಗೆ ತೂಗುಹಾಕಿದರು. ಬೆಂಗ್ಟ್ ಎದ್ದುಹೋಗಿ ಅದನ್ನು ಇಳಿಸಿದ. ಒದ್ದೆ ಒರೆಸಿದ. ಒಡೆಯದ ಹಾಗೆ ಎರಡು ಹಾಳೆ ಪೇಪರಿನಲ್ಲಿ ಸುತ್ತಿ ಚಾಚಾರ ಕೈಗಿತ್ತ. "ಕಾರಿನಲ್ಲಿ ಹುಷಾರು" ಎಂದ.

ನಾನು ಅಲ್ಲೇ ಇದ್ದೆ. ಒಂದೇ ಒಂದು ವಾಕ್ಯ ಬೇಕಿತ್ತು, ನನ್ನ ಸ್ವಂತ ದನಿಯಲ್ಲಿ. ಬನ್ನು ತಿನ್ನುತ್ತಿದ್ದೆ.

ಅಂದು ಸಂಜೆ ರೂಮಿನಲ್ಲಿ ಬೆಂಗ್ಟ್‌ನನ್ನು ಮಾಡಿದೆ. ಕಪ್ಪು ಸುತ್ತುವ ಭಾಗ ಬಹಳ ಚೆನ್ನಾಗಿ ಬಂತು. ಇಮ್ರಾನ್ ಮಾತ್ರ ಮೊದಲಿನಷ್ಟು ನಗಲಿಲ್ಲ. "ಹೇಳ್ಬಿಡೋ ಅವರಿಗೆ" ಎಂದ. "ನಾಳೆ" ಎಂದೆ.

ಆ ನಾಳೆ ಬರುವ ಮೊದಲು ಬಕ್ರೀದ್ ಬಂತು. ಗೋಥೆನ್‌ಬರ್ಗ್‌ಗೆ ಚಾಚಾರ ಕಾರಿನಲ್ಲೇ ಹೋದೆ. ನಮಾಜಿನ ನಂತರ ಚಾಚಾ ಮೌಲಾನಾ ಸಾಬರ ಕೈ ಹಿಡಿದು ಮಾತಾಡುತ್ತಿರುವುದು ಕಂಡಿತು. ನಾನು ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿದ್ದೆ, ಆದರೆ ಕೇಳಿಸುತ್ತಿತ್ತು.

"ನಾ ಯಾವಾಗ ಫೋನ್ ಮಾಡೀನ್ರೀ ನಿಮಗ?" ಕೆಮ್ಮು. "ಅಲ್ಲಾಹ್‌ನ ಹೆಸರು ಹೇಳಿ ಹೊಡದದ್ದು ತಿನ್ನಬಹುದು ಅಂತ ನನ್ನ ಅಭಿಪ್ರಾಯ. ಬ್ಯಾರೆ ಹೇಳೋ ಹಿರಿಯರೂ ಅದಾರ್ರೀ." ಕೆಮ್ಮು. "ಆದ್ರ ಮೂಕಪ್ರಾಣಿಗೆ ಬೇಕಂತ ನೋವು ಕೊಡು ಅಂತ ಯಾವ ಹಿರಿಯನೂ ಹೇಳೂದಿಲ್ಲ."

ಚಾಚಾ ತಿರುಗಿ ಚಪ್ಪಲಿ ಗೂಡಿನ ಕಡೆ ನೋಡಿದರೋ ಇಲ್ಲವೋ ಗೊತ್ತಿಲ್ಲ. ನಾನು ತಲೆಯೆತ್ತಲಿಲ್ಲ. ಟ್ರೋಲ್‌ಹೆಟ್ಟನ್‌ವರೆಗೂ ಅವರು ಆಡಿದ್ದು ಒಂದೇ ಮಾತು: "ಬೆಲ್ಟ್ ಹಾಕ್ಕೋ."

ಮತ್ತೆ ನಾಲ್ಕು ವರ್ಷ ಅದೇ ಕಾರ್ಖಾನೆ, ಅದೇ ಫೀಕಾ, ಎರಡು ಸಮ ಹೋಳಾದ ಬನ್ನು. ನನ್ನ ಕೆಲಸವನ್ನು ಎಂದೂ ಬೇಕೆಂದು ರಿಜೆಕ್ಟ್ ಮಾಡಲಿಲ್ಲ, ಬೇಕೆಂದು ಪಾಸೂ ಮಾಡಲಿಲ್ಲ. ಕೋವಿ ಮಾರಿದರೆಂದು ಚಾಚಿಯಿಂದ ಗೊತ್ತಾಯಿತು. ಪೇಪರಿನಲ್ಲಿ ಸುತ್ತಿದ ಕಪ್ಪನ್ನು ಅವರು ಬಿಚ್ಚಲೇ ಇಲ್ಲವಂತೆ. ನಾಲ್ಕು ವರ್ಷವೂ ನಾನು ಪ್ರತಿ ಸೋಮವಾರ ಹೇಳಬೇಕೆಂದುಕೊಂಡು ಪ್ರತಿ ಶುಕ್ರವಾರ ಅವರನ್ನು ಮಿಮಿಕ್ರಿ ಮಾಡಿದೆ.

ನಿವೃತ್ತರಾಗಿ, ಮಗಳು ಕೆಲಸ ಮಾಡುವ ಸ್ಯಾಂಡ್‌ವಿಕೆನ್‌ಗೆ ಮನೆ ಬದಲಾಯಿಸುವಾಗ, ನೆಲಮಾಳಿಗೆ ಖಾಲಿ ಮಾಡಲು ನನ್ನನ್ನು ಕರೆದರು. ಪ್ರೆಸ್ಸು ಯಾರಿಗೋ ಕೊಟ್ಟಾಗಿತ್ತು. ಕಡ್ಡಿ ತಕ್ಕಡಿಯನ್ನು ಮಾತ್ರ ಅವರೇ ಬಟ್ಟೆಯಲ್ಲಿ ಸುತ್ತಿ, ಡಬ್ಬಿಗಿಟ್ಟು, ಟೇಪು ಅಂಟಿಸಿದರು. ಖಾಲಿ ಬೆಂಚಿನ ಮೇಲೆ ಕೂತರು.

"ತಕ್ಕಡಿ ಪ್ಯಾಕ್ ಆಯ್ತು. ಈಗ ಮಾತಾಡಬಹುದು" ಎಂದರು.

ನಾನು ಡಬ್ಬಿಯ ಮೇಲಿನ ಟೇಪನ್ನು ಮತ್ತೊಮ್ಮೆ ಒತ್ತಿದೆ.

"ಸರಿ. ಮೌಲಾನಾ ಸಾಬರ ದನಿ ಮಾಡು."

"ಚಾಚಾ..."

"ಮಾಡಪ್ಪಾ ಹೀರೋ. ಒಂದೇ ಸಲ ಕೇಳಿದೀನಿ. ಈ ಸಲ ಎದುರಿಗೆ ಕೂತು ಕೇಳ್ತೀನಿ."

ಕೈ ಎಲ್ಲಿಡಬೇಕೆಂದು ಗೊತ್ತಾಗದೆ ಟೇಪಿನ ಸುರುಳಿ ಹಿಡಿದುಕೊಂಡೆ. ಮಾಡಿದೆ. "ಅಲ್ಲಾಹ್‌ನ ಹೆಸರು ಹೇಳಿ ಹೊಡದದ್ದು ತಿನ್ನಬಹುದು ಬೇಟಾ" ಎಂದೆ. "ಮೂಕಪ್ರಾಣಿಗೆ ಬೇಕಂತ ನೋವು ಕೊಡು ಅಂತ ಯಾವ ಹಿರಿಯನೂ ಹೇಳೂದಿಲ್ಲ." ದನಿ ಕೂದಲೆಳೆಯಷ್ಟೂ ತಪ್ಪಲಿಲ್ಲ. ಅದೇ ನನಗೆ ಹೇಸಿಗೆಯಾಯಿತು.

ಚಾಚಾ ಕಣ್ಣು ಮುಚ್ಚಿ, ಬಿಡಿಭಾಗ ಪರೀಕ್ಷಿಸುವಾಗ ಮಾಡುವ ಹಾಗೆ ತಲೆ ವಾಲಿಸಿ ಕೇಳಿದರು. 

"ಕೆಮ್ಮು ಇಲ್ಲ" ಎಂದರು. "ಅವತ್ತೂ ಇರಲಿಲ್ಲ. ಮೌಲಾನಾ ಸಾಬರಿಗೆ ಕೆಮ್ಮು ವಾಸಿಯಾಯ್ತು ಅಂತ ಎಷ್ಟು ಖುಷಿಪಟ್ಟಿದ್ದೆ ಗೊತ್ತಾ."